ಸೂಚಿಯಿಲ್ಲದ ಗ್ರಂಥವೂ ಶೋಧವಿಲ್ಲದ ಜಾಲತಾಣವೂ

ಗ್ರಂಥಗಳನ್ನು ಅಚ್ಚು ಹಾಕಿಸಿ ಕಪಾಟಿನಲ್ಲಿಟ್ಟರೆ ಸಾಹಿತ್ಯ ಸಂಘದ ಕರ್ತವ್ಯವು ತೀರಿತೆಂದು ತಿಳಿಯುವ ಕಾಲವೊಂದು ಹಿಂದೆ ಇದ್ದಿತು. ಅವುಗಳನ್ನು ಅಂತರ್ಜಾಲದಲ್ಲಿ ಇರಿಸಿದರೆ ಕರ್ತವ್ಯವು ತೀರಿತೆಂದು ತಿಳಿಯುವ ಕಾಲವು ಈಗ ಬಂದಿದೆ. ಕಪಾಟು ಬದಲಾಯಿತು, ತಿಳಿವಳಿಕೆಯು ಬದಲಾಗಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಹಳೆಯ ಸಂಚಿಕೆಗಳೂ ಸ್ಮರಣಗ್ರಂಥಗಳೂ ಶಾಸನಪಾಠಗಳೂ ಲಾವಣಿಗಳ ಸಂಗ್ರಹಗಳೂ ಜಾಲತಾಣವನ್ನು ಏರಬೇಕೆಂದು ಹಂಬಲಿಸುವ ಸುಶಿಕ್ಷಿತ ಗೃಹಸ್ಥರು ಕಡಿಮೆಯಿಲ್ಲ. ಅವರ ಹಂಬಲವು ಸ್ತುತ್ಯವಾದದ್ದು. ಆದರೆ ಏರಿಸಿದ ಗ್ರಂಥದಲ್ಲಿ ತನಗೆ ಬೇಕಾದ ಒಂದು ಹೆಸರನ್ನು, ಒಂದು ಊರನ್ನು, ಒಂದು ಶಬ್ದವನ್ನು ಓದುಗನು ಹುಡುಕಿ ತೆಗೆಯಲು ಶಕ್ತನಾಗಿರುವನೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆ ಪ್ರಶ್ನೆಯನ್ನು ಕೇಳುವುದೇ ಈ ಲೇಖನದ ಉದ್ದೇಶವಾಗಿದೆ. ಶೋಧಕ್ಕೆ ಸಿಕ್ಕದಂತೆ ಇರಿಸಿದ ಗ್ರಂಥವು ಲೋಕಕ್ಕೆ ಕೊಟ್ಟ ಗ್ರಂಥವಲ್ಲವೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ಈ ಮಾತನ್ನು ಎತ್ತಿದೊಡನೆ ಸಂಘಗಳ ಚಾಲಕರು ಒಂದು ಸಿದ್ಧವಾದ ಉತ್ತರವನ್ನು ಮುಂದಿಡುತ್ತಾರೆ. "ನಮ್ಮದು ಸ್ಥಾವರ ಜಾಲತಾಣ. ಅದಕ್ಕೆ ಪುಕ್ಕಟೆಯಾಗಿ ಜಾಗವನ್ನು ಕೊಟ್ಟವರು ಶೋಧದ ಅನುಕೂಲವನ್ನು ಕೊಟ್ಟಿಲ್ಲ. ಹುಡುಕುವ ಪೆಟ್ಟಿಗೆಯನ್ನು ಇಟ್ಟು ನೋಡಿದೆವು. ಅದು ಉತ್ತರವನ್ನೇ ಕೊಡಲಿಲ್ಲ. ಹೀಗಿರಲು ನಾವೇನು ಮಾಡೋಣ?" ಎಂಬುದೇ ಆ ಉತ್ತರ. ಇದರಲ್ಲಿ ಅರ್ಧ ಸತ್ಯವಿದೆ. ಅರ್ಧ ಸತ್ಯವು ಪೂರ್ಣ ಅಸತ್ಯಕ್ಕಿಂತ ಹೆಚ್ಚು ಕಾಲ ಬಾಳುವುದರಿಂದ ಅದನ್ನು ಬಿಡಿಸಿ ನೋಡುವುದು ಅವಶ್ಯವಾಗಿದೆ.

ಜಾಲತಾಣಗಳಲ್ಲಿ ಎರಡು ಬಗೆಗಳುಂಟು. ನಮ್ಮ ನಾಡಿನವರಿಗೆ ಪರಿಚಿತವಾದ ಶಬ್ದಗಳಲ್ಲಿ ಅವನ್ನು ಸ್ಥಾವರ ಮತ್ತು ಜಂಗಮ ಎಂದು ಕರೆಯಬಹುದು. ಜಂಗಮ ತಾಣವು ಪೇಟೆಯ ಕಿರಾಣಿ ಅಂಗಡಿಯಂತೆ. ಗಿರಾಕಿಯು ಕೇಳುತ್ತಾನೆ; ಅಂಗಡಿಯವನು ಒಳಗೆ ಹೋಗಿ ಹುಡುಕಿ, ತೂಗಿ, ಕಟ್ಟಿ ಕೊಡುತ್ತಾನೆ. ದೂರದಲ್ಲಿರುವ ಸರ್ವರ್ ಎಂಬ ಗಣಕಯಂತ್ರವೇ ಅಲ್ಲಿ ಅಂಗಡಿಯವನು. ಸ್ಥಾವರ ತಾಣದಲ್ಲಾದರೋ ಅಂಗಡಿಯವನು ಇರುವುದಿಲ್ಲ. ಮೊದಲೇ ಸಿದ್ಧಪಡಿಸಿದ ಕಡತಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಬಂದವನು ಹೆಸರನ್ನು ಹೇಳಿ ಕಡತವನ್ನು ಒಯ್ಯಬೇಕು. ಗಿಟ್‌ಹಬ್ ಪೇಜಸ್‌ನಂಥ ಆಶ್ರಯಗಳು ಈ ಬಗೆಯವು. ಇವುಗಳಲ್ಲಿ ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಕೆಟ್ಟುಹೋಗುವ ಭಾಗಗಳು ಕಡಿಮೆ, ಕಳ್ಳರು ನುಗ್ಗುವ ಬಾಗಿಲುಗಳೂ ಕಡಿಮೆ. ಸಣ್ಣ ಊರಿನ ಸಂಘಕ್ಕೆ ಇದಕ್ಕಿಂತ ಯೋಗ್ಯವಾದ ಏರ್ಪಾಡು ಇಲ್ಲವೆಂದೇ ನಾವು ಹೇಳುವೆವು. ಕೇಳಿದ ಪ್ರಶ್ನೆಗೆ ಆ ಕ್ಷಣದಲ್ಲಿ ಹುಡುಕಿ ಉತ್ತರ ಕೊಡುವ ಸೇವಕನು ಅಲ್ಲಿ ಇಲ್ಲವೆಂಬುದಷ್ಟೇ ಚಾಲಕರ ಮಾತಿನಲ್ಲಿರುವ ಸತ್ಯಾಂಶ.

ಸೇವಕನಿಲ್ಲವಾದರೆ ಶೋಧವೇ ಇಲ್ಲವೆಂಬುದು ಮಾತ್ರ ಸುಳ್ಳು. ಕಾಗದದ ಗ್ರಂಥದಲ್ಲಿ ಯಾವ ಸೇವಕನಿದ್ದನು? ಗ್ರಂಥದ ಕೊನೆಗೆ ಶಬ್ದಸೂಚಿಯನ್ನು ಕಟ್ಟಿದರೆ ಓದುಗನು ತಾನೇ ಹುಡುಕಿಕೊಳ್ಳುತ್ತಿದ್ದನು. ಹುಡುಕುವ ಕೆಲಸದ ಬಹುಭಾಗವನ್ನು ಸಂಪಾದಕನು ಮೊದಲೇ ಮಾಡಿ ಮುಗಿಸಿರುತ್ತಿದ್ದನು. ಸ್ಥಾವರ ತಾಣದ ಶೋಧವೂ ಇದೇ ರೀತಿಯದು. ತಾಣವನ್ನು ಕಟ್ಟುವಾಗಲೇ ಎಲ್ಲ ಪುಟಗಳಲ್ಲಿರುವ ಶಬ್ದಗಳನ್ನು ಆರಿಸಿ, ಯಾವ ಶಬ್ದವು ಯಾವ ಪುಟದಲ್ಲಿದೆಯೆಂಬ ಸೂಚಿಯನ್ನು ಯಂತ್ರದಿಂದ ಮಾಡಿಸಿ, ಆ ಸೂಚಿಯನ್ನೂ ಮತ್ತೊಂದು ಕಡತವಾಗಿ ಉಳಿದ ಕಡತಗಳ ಪಕ್ಕದಲ್ಲಿ ಇಡಬೇಕು. ಓದುಗನು ಶಬ್ದವನ್ನು ಬರೆದಾಗ ಅವನ ಕೈಯಲ್ಲಿರುವ ಮೊಬೈಲಿನ ಬ್ರೌಸರೇ ಸೂಚಿಯನ್ನು ತರಿಸಿಕೊಂಡು ಹುಡುಕುತ್ತದೆ. ಲುನರ್, ಪೇಜ್‌ಫೈಂಡ್ ಎಂಬ ಸಾಧನಗಳು ಈ ಕೆಲಸಕ್ಕಾಗಿಯೇ ಹುಟ್ಟಿದವು. ಎರಡೂ ಬೆಲೆಯಿಲ್ಲದವು; ಎರಡರ ಮೂಲಬರಹವೂ ಎಲ್ಲರಿಗೂ ತೆರೆದದ್ದು. ಸೂಚಿಯು ದೊಡ್ಡದಾದರೆ ಹಳ್ಳಿಯ ಮೊಬೈಲಿಗೆ ಭಾರವಾಗುವುದೆಂಬ ಶಂಕೆಗೂ ಪರಿಹಾರವಿದೆ. ಪೇಜ್‌ಫೈಂಡ್ ಸೂಚಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು ಇಡುತ್ತದೆ. ಕೇಳಿದ ಶಬ್ದಕ್ಕೆ ಬೇಕಾದ ತುಂಡು ಮಾತ್ರ ಓದುಗನ ಬಳಿಗೆ ಹೋಗುತ್ತದೆ.

ಸೂಚಿಯನ್ನು ಕಟ್ಟುವುದು ಪರದೇಶದಿಂದ ಬಂದ ಚಾಳಿಯೆಂದು ಯಾರೂ ಹೇಳಲಾಗದು. ಕಾತ್ಯಾಯನನ ಹೆಸರಿನಲ್ಲಿರುವ ಸರ್ವಾನುಕ್ರಮಣಿಯು ಋಗ್ವೇದದ ಒಂದೊಂದು ಸೂಕ್ತಕ್ಕೂ ಅದರ ಮೊದಲ ಪದಗಳು, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು ಇಷ್ಟನ್ನೂ ಪಟ್ಟಿಮಾಡಿ ಕೊಟ್ಟಿದೆ. ಇಡಿಯ ಸಂಹಿತೆಯನ್ನು ಬಾಯಲ್ಲಿ ಧರಿಸಿದವರಿಗೂ ಅನುಕ್ರಮಣಿಯು ಬೇಕಾಯಿತು. ಯುರೋಪಿನಲ್ಲಿ ಹದಿಮೂರನೆಯ ಶತಮಾನದ ಕ್ರೈಸ್ತ ಸಂನ್ಯಾಸಿಗಳು ಬೈಬಲಿನ ಪದಗಳಿಗೆ ಸೂಚಿಯನ್ನು ಕಟ್ಟಿದರು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಇಂದಿಗೂ ಮೇಜಿನ ಮೇಲೆ ಉಳಿದಿರುವುದಕ್ಕೆ ಅವರ ಪಾಂಡಿತ್ಯದಷ್ಟೇ ಅದರ ಅಕಾರಾದಿ ಕ್ರಮವೂ ಕಾರಣವಾಗಿದೆ. ಈಚಿನ ಕಾಲದಲ್ಲಿ ಕನ್ನಡದವರೇ ಕಟ್ಟಿದ ವಚನ ಸಂಚಯವೆಂಬ ಜಾಲತಾಣವು ಶರಣರ ವಚನಗಳನ್ನು ಶೋಧಕ್ಕೆ ಒಳಪಡಿಸಿದೆ. ಒಂದು ಪದವನ್ನು ಕೊಟ್ಟರೆ ಅದು ಬಂದಿರುವ ವಚನಗಳನ್ನೂ ವಚನಕಾರರನ್ನೂ ಅದು ತೋರಿಸುತ್ತದೆ. ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಕೂಡಿಹಾಕಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದ ಪರಂಪರೆಗೆ ಇದು ಯೋಗ್ಯವಾದ ಮುಂದುವರಿಕೆಯೆನ್ನಬೇಕು. ಆದುದರಿಂದ ಕನ್ನಡದಲ್ಲಿ ಶೋಧವು ಸಾಧ್ಯವಿಲ್ಲವೆಂಬ ಮಾತಿಗೆ ಇನ್ನು ಆಸ್ಪದವಿಲ್ಲ.

ಹಾಗಾದರೆ ಹುಡುಕುವ ಪೆಟ್ಟಿಗೆಯನ್ನು ಇಟ್ಟರೂ ಉತ್ತರ ಬಾರದೆ ಇರುವುದೇಕೆ? ವೈದ್ಯನು ರೋಗಿಯ ನಾಡಿಯನ್ನು ಹಿಡಿದು ಒಂದೊಂದೇ ಕಾರಣವನ್ನು ಕಳೆಯುತ್ತ ಹೋಗುವಂತೆ ಇಲ್ಲಿಯೂ ಕ್ರಮವಾಗಿ ನೋಡಬೇಕು. ಆಶ್ರಯದಾತರನ್ನು ಬೈದು ಕೈತೊಳೆದುಕೊಳ್ಳುವುದಕ್ಕೆ ಮುಂಚೆ ಈ ಕೆಳಗಿನ ದೋಷಗಳನ್ನು ಚಾಲಕರು ಪರೀಕ್ಷಿಸಿದ್ದಾರೆಯೇ?

ಮೊದಲನೆಯ ದೋಷ, ಪೆಟ್ಟಿಗೆಯಿದ್ದು ಸೂಚಿಯಿಲ್ಲದಿರುವುದು. ಸಿದ್ಧ ಮಾದರಿಯೊಂದನ್ನು ತಂದು ತಾಣವನ್ನು ಕಟ್ಟುವಾಗ ಪೆಟ್ಟಿಗೆಯ ಚಿತ್ರವು ತಾನಾಗಿ ಬರುತ್ತದೆ. ಸೂಚಿಯು ತಾನಾಗಿ ಬರುವುದಿಲ್ಲ. ಪುಟಗಳೆಲ್ಲ ಸಿದ್ಧವಾದ ಮೇಲೆ ಸೂಚಿಯನ್ನು ಮಾಡುವ ಆಜ್ಞೆಯನ್ನು ಪ್ರತ್ಯೇಕವಾಗಿ ಕೊಡಬೇಕು. ಹೊಸ ಪುಟಗಳನ್ನು ಸೇರಿಸಿದಾಗಲೆಲ್ಲ ಅದನ್ನು ಮತ್ತೆ ಕೊಡಬೇಕು. ಹಿಂದಿನ ವರ್ಷದ ಸೂಚಿಯಲ್ಲಿ ಈ ವರ್ಷದ ಸಂಚಿಕೆಯು ಸಿಕ್ಕದಿದ್ದರೆ ಅದು ಯಂತ್ರದ ತಪ್ಪಲ್ಲ.

ಎರಡನೆಯ ದೋಷ, ಸೂಚಿಯಿದ್ದೂ ಅದರ ವಿಳಾಸವು ತಪ್ಪಿರುವುದು. ಮನೆಯ ಗಣಕಯಂತ್ರದಲ್ಲಿ ಸರಿಯಾಗಿ ನಡೆದದ್ದು ಜಾಲಕ್ಕೆ ಏರಿಸಿದ ಕೂಡಲೆ ನಿಲ್ಲುವುದಕ್ಕೆ ಬಹುಸಲ ಇದೇ ಕಾರಣ. ತಾಣವು ಮುಖ್ಯ ವಿಳಾಸದಲ್ಲಿರದೆ ಅದರೊಳಗಿನ ಉಪವಿಳಾಸದಲ್ಲಿದ್ದರೆ ಪೆಟ್ಟಿಗೆಯು ಸೂಚಿಯನ್ನು ಬೇರೊಂದು ಮನೆಯ ಬಾಗಿಲಲ್ಲಿ ಕೇಳುತ್ತ ನಿಲ್ಲುತ್ತದೆ. ಕಡತದ ಹೆಸರಿನ ಇಂಗ್ಲಿಷ್ ಅಕ್ಷರಗಳಲ್ಲಿ ದೊಡ್ಡದು ಸಣ್ಣದೆಂಬ ಭೇದವನ್ನು ಮನೆಯ ಯಂತ್ರವು ಗಣಿಸದೆ ಇರಬಹುದು. ಜಾಲದಲ್ಲಿರುವ ಸರ್ವರು ಸಾಮಾನ್ಯವಾಗಿ ಅದನ್ನು ಗಣಿಸುತ್ತದೆ. ಯಾವ ಕಡತವನ್ನು ಕೇಳಿತು, ಯಾವುದು ಸಿಕ್ಕಲಿಲ್ಲವೆಂಬ ಲೆಕ್ಕವನ್ನು ಬ್ರೌಸರು ತಾನೇ ಇಟ್ಟಿರುತ್ತದೆ. ಆ ಲೆಕ್ಕವನ್ನು ತೆರೆದು ನೋಡಲು ಕಾಲು ಗಂಟೆ ಸಾಕು.

ಮೂರನೆಯ ದೋಷವು ನಮ್ಮ ಸ್ವಾಭಿಮಾನಕ್ಕೆ ಸಂಬಂಧಪಟ್ಟದ್ದು. ಲುನರ್ ಸಾಧನವು ತನ್ನ ಮೂಲಸ್ಥಿತಿಯಲ್ಲಿ ಇಂಗ್ಲಿಷಿಗಾಗಿ ಮಾಡಿದ್ದು. ಶಬ್ದದ ಹಿಂದೆ ಮುಂದೆ ಅಂಟಿರುವ ವಿರಾಮಚಿಹ್ನೆಗಳನ್ನು ಕತ್ತರಿಸುವಾಗ, ರೋಮನ್ ಅಕ್ಷರವೂ ಅಂಕಿಯೂ ಅಲ್ಲದ್ದನ್ನೆಲ್ಲ ಅದು ಕಸವೆಂದು ಭಾವಿಸುತ್ತದೆ. ಆಗ ಕನ್ನಡದ ಶಬ್ದವು ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಪೂರ್ತಿಯಾಗಿ ಅಳಿಸಿಹೋಗುತ್ತದೆ! ಇಂಗ್ಲಿಷ್ ಶಬ್ದಗಳು ಸಿಕ್ಕುತ್ತವೆ. ಕನ್ನಡ ಶಬ್ದಗಳು ಸಿಕ್ಕುವುದಿಲ್ಲ. ಆ ಕತ್ತರಿಯನ್ನು ತೆಗೆದುಹಾಕಿದರೆ ಅಥವಾ ಕನ್ನಡಕ್ಕೆ ಒಪ್ಪುವ ಜೋಡಣೆಯನ್ನು ಹಾಕಿದರೆ ದೋಷವು ಹೋಗುತ್ತದೆ. ಸೂಚಿಯನ್ನು ಮಾಡುವಲ್ಲಿಯೂ ಶೋಧವನ್ನು ನಡೆಸುವಲ್ಲಿಯೂ ಒಂದೇ ನಿಯಮವಿರಬೇಕೆಂಬುದನ್ನು ಮಾತ್ರ ಮರೆಯಬಾರದು. "ಕನ್ನಡದಲ್ಲಿ ಹುಡುಕಲಾಗದು" ಎಂದು ಸಭೆಯಲ್ಲಿ ವರದಿ ಒಪ್ಪಿಸಿದವರಲ್ಲಿ ಎಷ್ಟು ಮಂದಿ ಈ ಒಂದು ಸಾಲನ್ನು ತಿದ್ದಿ ನೋಡಿದರೋ ತಿಳಿಯೆವು.

ನಾಲ್ಕನೆಯ ದೋಷವು ಎಲ್ಲಕ್ಕಿಂತ ವ್ಯಾಪಕವಾದದ್ದು. ಹುಡುಕಬೇಕಾದ ಸ್ಥಳದಲ್ಲಿ ಅಕ್ಷರಗಳೇ ಇರುವುದಿಲ್ಲ. ಪುಟದ ಛಾಯಾಚಿತ್ರವನ್ನು ತೆಗೆದು ಪಿಡಿಎಫ್ ಕಟ್ಟಿ ಏರಿಸಿರುತ್ತಾರೆ. ನಮ್ಮ ಕಣ್ಣಿಗೆ ಅಲ್ಲಿ ಅಕ್ಷರ ಕಾಣುತ್ತದೆ. ಯಂತ್ರಕ್ಕೆ ಕಪ್ಪು ಬಿಳುಪಿನ ಚುಕ್ಕೆಗಳು ಮಾತ್ರ ಕಾಣುತ್ತವೆ. ಇನ್ನು ಕೆಲವೆಡೆ ಅಕ್ಷರಗಳಿದ್ದರೂ ಅವು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿರುತ್ತವೆ. ಆ ಪದ್ಧತಿಯಲ್ಲಿ ಒಳಗೆ ಇರುವುದು ರೋಮನ್ ಲಿಪಿಯ ಸಂಕೇತ, ಹೊರಗೆ ತೊಟ್ಟದ್ದು ಕನ್ನಡದ ವೇಷ. ಅಚ್ಚುಕೂಟದ ಕೆಲಸಕ್ಕೆ ಅದು ಒಂದು ಕಾಲದಲ್ಲಿ ದೊಡ್ಡ ಉಪಕಾರವನ್ನೇ ಮಾಡಿತು. ಶೋಧಕ್ಕೆ ಮಾತ್ರ ನಿರುಪಯೋಗಿ. ೧೯೯೧ರಲ್ಲಿಯೇ ಯೂನಿಕೋಡ್ ಎಂಬ ಸರ್ವಸಂಕೇತ ಪದ್ಧತಿಯಲ್ಲಿ ಕನ್ನಡಕ್ಕೆ ೧೨೮ ಮನೆಗಳ ಪ್ರತ್ಯೇಕ ಓಣಿಯು ದೊರೆತಿದೆ. ಹಳೆಯ ಬರಹವನ್ನು ಅದಕ್ಕೆ ಪರಿವರ್ತಿಸುವ ಸಾಧನಗಳೂ ಇವೆ. ಪುಟದ ಚಿತ್ರದಿಂದ ಕನ್ನಡ ಅಕ್ಷರಗಳನ್ನು ಓದಿ ತೆಗೆಯುವ ಟೆಸೆರಾಕ್ಟ್ ಮೊದಲಾದ ಸಾಧನಗಳೂ ಇವೆ. ಇಷ್ಟಿದ್ದೂ ಚಿತ್ರಗಳನ್ನು ಮಾತ್ರ ಏರಿಸಿ "ಗ್ರಂಥಭಾಂಡಾರವು ಲೋಕಾರ್ಪಣವಾಯಿತು" ಎಂದು ಹಾರ ತುರಾಯಿಗಳೊಡನೆ ಸಮಾರಂಭ ಮಾಡುವುದು ಸರಿಯೇ?

ಐದನೆಯ ದೋಷವು ಸೂಕ್ಷ್ಮವಾದದ್ದು. ಕಣ್ಣಿಗೆ ಒಂದೇ ಆಗಿ ಕಾಣುವ ಶಬ್ದವು ಒಳಗೆ ಬೇರೆ ಬೇರೆ ಸಂಕೇತಗಳಿಂದ ಕೂಡಿರಬಹುದು. ಒತ್ವದ ಚಿಹ್ನೆಯನ್ನು ಒಂದೇ ಸಂಕೇತದಿಂದ ಬರೆಯಬಹುದು; ಎತ್ವವನ್ನೂ ಊತ್ವವನ್ನೂ ಕೂಡಿಸಿಯೂ ಬರೆಯಬಹುದು. ಐತ್ವಕ್ಕೂ ಹೀಗೆಯೇ ಎರಡು ದಾರಿಗಳುಂಟು. ಬೈಲಹೊಂಗಲ ಎಂಬ ಒಂದು ಹೆಸರಿನಲ್ಲಿಯೇ ಇಂಥ ಎರಡು ಸ್ಥಾನಗಳಿರುವುದರಿಂದ ಆ ಊರನ್ನು ಯಂತ್ರದೊಳಗೆ ನಾಲ್ಕು ಬಗೆಯಾಗಿ ಬರೆಯಲು ಬರುತ್ತದೆ. ನಾಲ್ಕೂ ನೋಡಲು ಒಂದೇ. ಕಣ್ಣಿಗೆ ಕಾಣದ ವಿಯೋಜಕ ಚಿಹ್ನೆಯೊಂದು ಶಬ್ದದ ನಡುವೆ ಸೇರಿಕೊಂಡರೂ ಹೀಗೆಯೇ ಆಗುತ್ತದೆ. ಅಂಕಿಗಳಲ್ಲಿಯಂತೂ ಭೇದವು ಕಣ್ಣಿಗೇ ಕಾಣುತ್ತದೆ: ೧೮೨೪ ಎಂದು ಬರೆದ ಇಸವಿಯು 1824 ಎಂದು ಕೇಳಿದವನಿಗೆ ಸಿಕ್ಕುವುದಿಲ್ಲ. ಇವೆಲ್ಲವನ್ನೂ ಒಂದೇ ರೂಪಕ್ಕೆ ತಂದು ಆಮೇಲೆ ಸೂಚಿಯನ್ನು ಕಟ್ಟಬೇಕು. ಸಂಕೇತಗಳ ಏಕೀಕರಣಕ್ಕೆ ಯೂನಿಕೋಡಿನವರೇ ನಿಯಮವನ್ನು ಹಾಕಿಕೊಟ್ಟಿದ್ದಾರೆ. ವಿಯೋಜಕವನ್ನೂ ಅಂಕಿಗಳನ್ನೂ ಸರಿಪಡಿಸಲು ಎರಡು ಸಾಲಿನ ಸೂಚನೆಯು ಸಾಕು.

ಆರನೆಯದು ದೋಷವಲ್ಲ, ನಮ್ಮ ಭಾಷೆಯ ಸ್ವಭಾವ. ಕಿತ್ತೂರು, ಕಿತ್ತೂರಿನ, ಕಿತ್ತೂರಿಗೆ, ಕಿತ್ತೂರಿನವರು ಎಂದು ಕನ್ನಡದ ನಾಮಪದವು ವಿಭಕ್ತಿಗಳನ್ನು ಹೊತ್ತು ನಡೆಯುತ್ತದೆ. ಇಡಿಯ ಶಬ್ದವನ್ನೇ ಹೋಲಿಸುವ ಯಂತ್ರಕ್ಕೆ ಇವು ನಾಲ್ಕು ಬೇರೆ ಶಬ್ದಗಳು. ಆದರೆ ಪ್ರತ್ಯಯಗಳು ಕೊನೆಗೆ ಹತ್ತುವುದರಿಂದ ಮೊದಲ ಭಾಗವನ್ನು ಹೋಲಿಸಿ ಹುಡುಕುವಂತೆ ಮಾಡಿದರೆ ನಾಲ್ಕೂ ಒಮ್ಮೆಗೇ ದೊರೆಯುತ್ತವೆ. ಮರವನ್ನು ಹುಡುಕಿದಾಗ ಮರಣವೂ ಬಂದೀತು. ಆ ತೊಂದರೆಯು ಸಹಿಸತಕ್ಕದ್ದು. ಸಂಧಿಯ ಕಷ್ಟವು ಇದಕ್ಕಿಂತ ಹೆಚ್ಚಿನದು. ಬೆಟ್ಟದಾವರೆಯೊಳಗೆ ತಾವರೆಯಿದೆಯೆಂದು ಕೇಶಿರಾಜನ ಶಿಷ್ಯನಿಗೆ ತಿಳಿದೀತು, ಯಂತ್ರಕ್ಕೆ ತಿಳಿಯದು. ಹಳಗನ್ನಡದ ಪಾಲು ಹೊಸಗನ್ನಡದ ಹಾಲೆಂದೂ ಅದಕ್ಕೆ ತಿಳಿಯದು. ಇದಕ್ಕೆ ಪೂರ್ಣವಾದ ಪರಿಹಾರವು ಸುಲಭವಲ್ಲವೆಂದು ನಾವು ಒಪ್ಪುತ್ತೇವೆ. ಆದರೆ ಹತ್ತರಲ್ಲಿ ಒಂದು ಸಿಕ್ಕದೆಂಬ ಕಾರಣದಿಂದ ಒಂಬತ್ತನ್ನೂ ಬಿಡುವುದು ಯಾವ ಊರಿನ ನ್ಯಾಯ?

ಏಳನೆಯದು ಹೆಸರುಗಳ ವಿಷಯ. ಇಲ್ಲಿ ಯಂತ್ರಜ್ಞನಿಗಿಂತ ನಮ್ಮಂಥ ಜಿಲ್ಲಾ ಸಂಘಗಳ ಸಭಾಸದರೇ ಹೆಚ್ಚು ಬಲ್ಲವರು. ಇಂದು ಸವದತ್ತಿಯೆಂದು ಕರೆಯುವ ಊರು ಸೌಂದತ್ತಿಯೂ ಹೌದು. ರಟ್ಟರ ಶಾಸನಗಳಲ್ಲಿ ಅದು ಸುಗಂಧವರ್ತಿ. ಬ್ರಿಟಿಷರ ಆಳಿಕೆಯ ದಫ್ತರಗಳಲ್ಲಿ ಆ ತಾಲೂಕಿಗೆ ಪರಸಗಡವೆಂದು ಹೆಸರು. ಬೈಲಹೊಂಗಲದ ಸುತ್ತಣ ತಾಲೂಕಿಗೆ ಸಂಪಗಾಂವದ ಹೆಸರಿದ್ದಿತು. ರಾಮದುರ್ಗವು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ತನಕ ಪ್ರತ್ಯೇಕ ಸಂಸ್ಥಾನವಾಗಿದ್ದುದರಿಂದ ಹಳೆಯ ಬೆಳಗಾವಿ ಜಿಲ್ಲೆಯ ತಾಲೂಕುಗಳ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ಬೆಳಗಾವಿಯು ಶಾಸನಗಳಲ್ಲಿ ವೇಣುಗ್ರಾಮವಾಗಿದೆ. ಈ ಪರ್ಯಾಯ ನಾಮಗಳ ಪಟ್ಟಿಯೊಂದನ್ನು ಮಾಡಿ ಸೂಚಿಗೆ ಕೂಡಿಸದಿದ್ದರೆ ಸವದತ್ತಿಯ ಹುಡುಗನು ತನ್ನ ಊರಿನ ಹೆಸರನ್ನು ಬರೆದು ಹುಡುಕಿ, ಏನೂ ಸಿಕ್ಕದೆ, ತನ್ನ ಊರಿಗೆ ಇತಿಹಾಸವೇ ಇಲ್ಲವೆಂದು ನಿಶ್ಚಯಿಸಿ ಎದ್ದುಹೋಗುವನು.

ಈ ಏಳರಲ್ಲಿ ಯಾವುದೂ ಆಶ್ರಯದಾತರ ಅಪರಾಧವಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮೊದಲ ಮೂರು ಕಟ್ಟುವವರ ಅಜಾಗ್ರತೆಯಿಂದ ಆದವು. ನಡುವಿನ ಎರಡು ಪಾಠವನ್ನು ಸಿದ್ಧಪಡಿಸಿದವರ ಅವಸರದಿಂದ ಆದವು. ಕೊನೆಯ ಎರಡು ಭಾಷೆಯನ್ನೂ ನಾಡನ್ನೂ ಬಲ್ಲವರು ಕೈಹಚ್ಚದೆ ಇದ್ದುದರಿಂದ ಉಳಿದವು.

ಇದರಿಂದ ಆಗುವ ಹಾನಿಯಾದರೂ ಏನೆಂದು ಕೆಲವರು ಕೇಳಬಹುದು. ಒಂದು ಉದಾಹರಣೆಯನ್ನು ಕೊಡುತ್ತೇವೆ. ೧೮೨೪ರ ಅಕ್ಟೋಬರ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಮಡಿದನು. ಅದೇ ವರ್ಷದ ಡಿಸೆಂಬರದಲ್ಲಿ ಕೋಟೆಯು ಬಿದ್ದಿತು. ರಾಣಿ ಚೆನ್ನಮ್ಮನು ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು ೧೮೨೯ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ರಾಣಿಯು ತೀರಿಕೊಂಡ ದಿನವನ್ನು ಕೆಲವು ಪುಸ್ತಕಗಳು ಫೆಬ್ರುವರಿ ೨ ಎಂದೂ ಕೆಲವು ೨೧ ಎಂದೂ ಕೊಡುತ್ತವೆ. ಯಾವುದು ಸರಿಯೆಂದು ತೂಗಿ ನೋಡಬಯಸುವ ವಿದ್ಯಾರ್ಥಿಯು ಹತ್ತು ಕನ್ನಡ ಗ್ರಂಥಗಳನ್ನು ಹೋಲಿಸಬೇಕು. ಆ ಗ್ರಂಥಗಳು ಜಾಲದಲ್ಲಿ ಚಿತ್ರಗಳಾಗಿ ಬಿದ್ದಿದ್ದರೆ ಸಾವಿರಾರು ಪುಟಗಳನ್ನು ಒಂದೊಂದಾಗಿ ಸರಿಸುತ್ತ ಹೋಗಬೇಕು. ಯಾವ ವಿದ್ಯಾರ್ಥಿಗೆ ಅಷ್ಟು ಹೊತ್ತಿದೆ?

ಅವನು ಏನು ಮಾಡುವನು? ೧೮೮೪ರಲ್ಲಿ ಮುಂಬಯಿ ಸರಕಾರವು ಪ್ರಕಟಿಸಿದ ಗ್ಯಾಝೆಟಿಯರಿನ ಬೆಳಗಾವಿ ಸಂಪುಟವನ್ನು ತೆರೆಯುವನು. ಅದರಲ್ಲಿ ಊರುಗಳ ವರ್ಣನೆಯು ಅಕ್ಷರಾನುಕ್ರಮದಲ್ಲಿದೆ. ಅದರ ಇಂಗ್ಲಿಷನ್ನು ಯಂತ್ರವು ಲೀಲಾಜಾಲವಾಗಿ ಓದುತ್ತದೆ. ಕಿತ್ತೂರೆಂದು ಕೇಳಿದರೆ ನಿಮಿಷದೊಳಗೆ ಪುಟವು ಎದುರಿಗೆ ಬರುತ್ತದೆ. ಆ ಸಂಪುಟದಲ್ಲಿ ಪರಿಶ್ರಮವಿದೆ, ವ್ಯವಸ್ಥೆಯಿದೆ. ಅದನ್ನು ನಾವು ಹಳಿಯುವುದಿಲ್ಲ. ಆದರೆ ಅದು ಗೆದ್ದವರ ಸರಕಾರವು ತನ್ನ ಅಧಿಕಾರಿಗಳ ಉಪಯೋಗಕ್ಕಾಗಿ ಬರೆಯಿಸಿದ ಗ್ರಂಥ. ಸೋತವರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಲಾವಣಿಗಳು, ಈ ಸೀಮೆಯ ಮನೆತನಗಳ ಕಾಗದಗಳಿಂದ ಎತ್ತಿ ಬರೆದ ಲೇಖನಗಳು ಚಿತ್ರವಾಗಿ ಮೂಕವಾಗಿರುವಾಗ ಮಾತನಾಡುವುದು ಆ ಸಂಪುಟವೊಂದೇ. ಹೀಗೆ, ಸುಲಭವಾಗಿ ಸಿಕ್ಕುವುದೇ ಕಾಲಕ್ರಮದಲ್ಲಿ ಸತ್ಯವೆಂದು ನಿಲ್ಲುತ್ತದೆ. ನಮ್ಮ ಹಿರಿಯರು ಅಚ್ಚುಕೂಟಕ್ಕಾಗಿ ವರ್ಗಣಿ ಕೂಡಿಸಿ ಕಟ್ಟಿಕೊಂಡ ದನಿಯನ್ನು ನಾವು ಸೋಮಾರಿತನದಿಂದ ಕಳೆದುಕೊಳ್ಳುತ್ತಿದ್ದೇವೆ. ಇದಕ್ಕಿಂತ ದೊಡ್ಡ ಹಾನಿಯು ಬೇರೆ ಯಾವುದು?

ಇನ್ನು ಆಕ್ಷೇಪಣೆಗಳನ್ನು ವಿಚಾರಿಸೋಣ. ಗೂಗಲ್ ಮುಂತಾದ ಮಹಾಶೋಧಕರು ಇರುವಾಗ ಪ್ರತಿಯೊಂದು ತಾಣವೂ ತನ್ನ ಶೋಧವನ್ನು ಇಟ್ಟುಕೊಳ್ಳುವುದೇಕೆಂದು ಕೆಲವರು ಕೇಳುತ್ತಾರೆ. ಆ ಮಹಾಶೋಧಕರು ಯಾವ ಪುಟವನ್ನು ಯಾವಾಗ ತಮ್ಮ ಸೂಚಿಗೆ ಸೇರಿಸಬೇಕೆಂಬುದನ್ನು ತಾವೇ ನಿರ್ಧರಿಸುತ್ತಾರೆ. ನಮ್ಮ ಸಣ್ಣ ತಾಣದ ಎಲ್ಲ ಪುಟಗಳನ್ನೂ ಸೇರಿಸುವರೆಂಬ ಕರಾರು ಎಲ್ಲಿಯೂ ಇಲ್ಲ. ಸುಗಂಧವರ್ತಿಯೂ ಸವದತ್ತಿಯೂ ಒಂದೇ ಎಂದು ನಮ್ಮಂತೆ ಲಕ್ಷ್ಯವಿಟ್ಟು ಕಲಿಸುವವರು ಅಲ್ಲಿ ಯಾರು? ಮನೆಯ ಕೀಲಿಕೈಯನ್ನು ನೆರೆಯವರಿಗೆ ಕೊಟ್ಟರೂ ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಲೋಕರೂಢಿ.

ಶೋಧದ ಅನುಕೂಲದಿಂದ ಓದುವ ಅಭ್ಯಾಸವು ಕೆಡುವುದೆಂದು ಕೆಲವು ಪಂಡಿತರು ಹೇಳುತ್ತಾರೆ. ಇದಿರು ಸಾಲನ್ನಷ್ಟೇ ಕಿತ್ತುಕೊಂಡು ಹೋಗುವ ಓದುಗನು ಹೆಚ್ಚುವನು, ಪೂರ್ವಾಪರವನ್ನು ನೋಡುವವನು ಕಡಿಮೆಯಾಗುವನು ಎಂಬುದು ಅವರ ಚಿಂತೆ. ಚಿಂತೆಯು ಪ್ರಾಮಾಣಿಕವಾದದ್ದು, ಅಂಥ ಓದುಗರು ಇರುವುದೂ ನಿಜ. ಆದರೆ ಅನುಕ್ರಮಣಿಯಿಂದ ವೇದಾಧ್ಯಯನವು ಕೆಡಲಿಲ್ಲ. ನಿಘಂಟಿನಿಂದ ಕಾವ್ಯವ್ಯಾಸಂಗವು ಕೆಡಲಿಲ್ಲ. ಶೋಧವು ಓದುಗನನ್ನು ಪುಟದ ಬಾಗಿಲಿಗೆ ತಂದು ಬಿಡುತ್ತದೆ. ಒಳಗೆ ಹೋಗಿ ಕುಳಿತುಕೊಳ್ಳುವುದು ಅವನ ಸಂಸ್ಕಾರಕ್ಕೆ ಸೇರಿದ್ದು. ಬಾಗಿಲೇ ಕಾಣದಿದ್ದರೆ ಸಂಸ್ಕಾರವಂತನೂ ಹೊರಗೆಯೇ ನಿಲ್ಲಬೇಕಾಗುತ್ತದೆ. ತಮ್ಮ ಮನೆಯಲ್ಲಿ ಗ್ರಂಥರಾಶಿಯಿರುವವರು ಈ ಆಕ್ಷೇಪಣೆಯನ್ನು ಸುಲಭವಾಗಿ ಎತ್ತಬಲ್ಲರು. ರಾಮದುರ್ಗದ ನೇಕಾರನ ಮಗಳಿಗೆ, ಮುರಗೋಡದ ಶಾಲೆಯ ಮಾಸ್ತರನಿಗೆ ಮೊಬೈಲೊಂದೇ ಗ್ರಂಥಾಲಯವಾಗಿರುವಾಗ ಅವರ ಪಾಲಿಗೆ ಈ ವಾದವು ಕ್ರೂರವಾಗಿ ಪರಿಣಮಿಸುತ್ತದೆ.

ಖರ್ಚಿನ ಮಾತನ್ನು ಎತ್ತುವವರಿಗೆ ಉತ್ತರವನ್ನು ಮೇಲೆಯೇ ಹೇಳಿದ್ದೇವೆ: ಸಾಧನಗಳಿಗೆ ಬೆಲೆಯಿಲ್ಲ. ಬೇಕಾದದ್ದು ಶ್ರಮ. ಯಂತ್ರವು ಚಿತ್ರದಿಂದ ಓದಿ ತೆಗೆದ ಪಾಠದಲ್ಲಿ ಪಕಾರವು ಷಕಾರವಾಗುವುದುಂಟು, ದಕಾರವು ಧಕಾರವಾಗುವುದುಂಟು, ಒತ್ತಕ್ಷರಗಳು ಉದುರಿಹೋಗುವುದುಂಟು. ಅದನ್ನು ಮೂಲದೊಡನೆ ಹೋಲಿಸಿ ತಿದ್ದುವ ಕೆಲಸವು ಬೇಸರದ್ದೂ ಹೌದು, ದೀರ್ಘವಾದದ್ದೂ ಹೌದು. ಆದರೆ ಪೂರ್ತಿ ತಿದ್ದುವವರೆಗೆ ಕಾಯಬೇಕಾದ ಕಾರಣವಿಲ್ಲ. ಪುಟದ ಚಿತ್ರವನ್ನು ಪ್ರಮಾಣವಾಗಿ ಉಳಿಸಿಕೊಂಡು, ಯಂತ್ರವು ಓದಿದ ಪಾಠವನ್ನು ಶೋಧಕ್ಕಾಗಿ ಅದರ ಜೊತೆಗೆ ಇಟ್ಟರೆ, ತಪ್ಪಿರುವಲ್ಲಿ ಓದುಗನೇ ಚಿತ್ರವನ್ನು ನೋಡಿ ತಿಳಿದುಕೊಳ್ಳುವನು. ವ್ಯಕ್ತಿನಾಮಗಳನ್ನೂ ಊರುಗಳ ಹೆಸರುಗಳನ್ನೂ ಇಸವಿಗಳನ್ನೂ ಮೊದಲು ತಿದ್ದಿದರೆ ಹುಡುಕುವವರ ಬಹುಪಾಲು ಅವಶ್ಯಕತೆಯು ಪೂರೈಸುತ್ತದೆ.

ಪಾಠವನ್ನು ಹೀಗೆ ತೆರೆದಿಟ್ಟರೆ ಕದಿಯುವವರಿಗೆ ಅನುಕೂಲವಾಗುವುದೆಂಬ ಅಂಜಿಕೆಯೂ ಕೆಲವರಲ್ಲಿದೆ. ಹಕ್ಕುಗಳು ಜೀವಂತವಾಗಿರುವ ಗ್ರಂಥಗಳ ಮಾತು ಬೇರೆ. ಅಲ್ಲಿ ಸೂಚಿಯನ್ನು ಮಾತ್ರ ಕೊಟ್ಟು, ಇಂಥ ಶಬ್ದವು ಇಂಥ ಗ್ರಂಥದ ಇಂಥ ಪುಟದಲ್ಲಿದೆಯೆಂದು ತೋರಿಸಿದರೂ ದೊಡ್ಡ ಉಪಕಾರವೇ. ಹಕ್ಕುಗಳು ತೀರಿಹೋದ ಗ್ರಂಥಗಳ ವಿಷಯದಲ್ಲಿ ಈ ಅಂಜಿಕೆಯು ಅರ್ಥವಿಲ್ಲದ್ದು. ನಮ್ಮ ಹಿರಿಯರ ಮಾತನ್ನು ಯಾರಾದರೂ ಎತ್ತಿ ಬಳಸಿಕೊಂಡರೆ ನಮಗೆ ಆಗುವ ನಷ್ಟವೇನು? ಅದು ಯಾರ ಕೈಗೂ ಸಿಕ್ಕದೆ ಮರೆತುಹೋಗುವುದೇ ನಿಜವಾದ ನಷ್ಟ.

ಆದುದರಿಂದ ಈ ಸೀಮೆಯ ಸಾಹಿತ್ಯ ಸಂಘಗಳಿಗೂ ಗ್ರಂಥಾಲಯಗಳಿಗೂ ವಿದ್ಯಾಲಯಗಳಿಗೂ ನಮ್ಮ ಬಿನ್ನಹವು ಇಷ್ಟು. ಜಾ‌ಲತಾಣಕ್ಕೆ ಗ್ರಂಥವನ್ನು ಏರಿಸಿದೆವೆಂದು ವಾರ್ಷಿಕ ವರದಿಯಲ್ಲಿ ಬರೆಯುವುದಕ್ಕೆ ಮುಂಚೆ ಮೂರು ಪರೀಕ್ಷೆಗಳನ್ನು ಮಾಡಿರಿ. ಪುಟದ ಮೇಲೆ ಬೆರಳಿಟ್ಟು ಒಂದು ಶಬ್ದವನ್ನು ಆರಿಸಲು ಬರುತ್ತದೆಯೇ? ಆರಿಸಿದ್ದನ್ನು ಬೇರೆಡೆ ಅಂಟಿಸಿದರೆ ಅದು ಕನ್ನಡವಾಗಿಯೇ ಉಳಿಯುತ್ತದೆಯೇ? ಅದೇ ಶಬ್ದವನ್ನು ಹುಡುಕುವ ಪೆಟ್ಟಿಗೆಯಲ್ಲಿ ಬರೆದರೆ ಅದೇ ಪುಟವು ಮರಳಿ ಬರುತ್ತದೆಯೇ? ಈ ಮೂರಕ್ಕೂ ಹೌದೆಂಬ ಉತ್ತರ ಬರುವ ತನಕ ಕೆಲಸವು ಮುಗಿಯಿತೆಂದು ಬರೆಯಬೇಡಿರಿ. ಸಹಾಯಧನವನ್ನು ಕೊಡುವವರೂ ಇಷ್ಟು ಪುಟಗಳ ಚಿತ್ರಗಳನ್ನು ತೆಗೆಯಲಾಯಿತೆಂಬ ಲೆಕ್ಕಕ್ಕೆ ಹಣವನ್ನು ಕೊಡುವ ಬದಲು, ಇಷ್ಟು ಪುಟಗಳು ಶೋಧಕ್ಕೆ ಒದಗಿದವೆಂಬ ಲೆಕ್ಕವನ್ನು ಕೇಳಿ ಪಡೆಯಬೇಕು.

ಸುಶಿಕ್ಷಿತ ಮನೆತನಗಳಿಗೂ ಇದರಲ್ಲಿ ಪಾಲುಂಟು. ಯಂತ್ರದ ಕೆಲಸವನ್ನು ಮಾಡಲು ಒಬ್ಬ ತರುಣನು ಸಾಕು. ಪರ್ಯಾಯ ನಾಮಗಳ ಪಟ್ಟಿಯನ್ನು ಮಾಡಲು ಒಬ್ಬನು ಸಾಲನು. ನಿಮ್ಮ ಊರಿನ ಹಳೆಯ ಹೆಸರೇನು, ಕಾಗದಪತ್ರಗಳಲ್ಲಿ ಅದನ್ನು ಹೇಗೆ ಬರೆಯುತ್ತಿದ್ದರು, ಹೊಲದ ಉತಾರದಲ್ಲಿ ಯಾವ ತಾಲೂಕಿನ ಹೆಸರಿದೆ, ಜಾತ್ರೆಯ ದೇವರನ್ನು ಹಿರಿಯರು ಯಾವ ಯಾವ ಹೆಸರಿನಿಂದ ಕರೆಯುತ್ತಿದ್ದರು ಎಂಬುದನ್ನೆಲ್ಲ ಬಲ್ಲ ಅಜ್ಜ ಅಜ್ಜಿಯರು ಇನ್ನೂ ಮನೆಗಳಲ್ಲಿದ್ದಾರೆ. ಅವರು ಹೇಳಿದ್ದನ್ನು ಒಂದು ವಹಿಯಲ್ಲಿ ಬರೆದಿಟ್ಟು ನಿಮ್ಮ ಊರಿನ ಸಂಘಕ್ಕೆ ಕಳಿಸಿರಿ. ರಜೆಯ ದಿನಗಳಲ್ಲಿ ಮನೆಯ ಹುಡುಗರು ದಿನಕ್ಕೆ ಎರಡು ಪುಟಗಳನ್ನು ಮೂಲದೊಡನೆ ಹೋಲಿಸಿ ತಿದ್ದಿದರೆ ಅವರ ಕನ್ನಡವೂ ಸುಧಾರಿಸುವುದು, ಗ್ರಂಥವೂ ಸುಧಾರಿಸುವುದು. ಮುಂದಿನ ವಾರ್ಷಿಕ ಸಭೆಯಲ್ಲಿ ನಿಮ್ಮ ಸಂಘದ ಚಾಲಕರು ಆಶ್ರಯದಾತರ ಕೊರತೆಯನ್ನು ಕುರಿತು ವರದಿಯನ್ನು ಓದತೊಡಗಿದರೆ, ದಯವಿಟ್ಟು ಎದ್ದು ನಿಂತು, ಸೂಚಿಯ ಕಡತವು ಎಲ್ಲಿದೆಯೆಂದು ಒಂದೇ ಪ್ರಶ್ನೆಯನ್ನು ಕೇಳಿರಿ.